ಸಾಕಮ್ಮ ಎಂಬ ಹೆಸರು

ಹಳೆಯ ಮೈಸೂರು ಸೀಮೆಯಲ್ಲಿ ಸಾಕಮ್ಮ ಎಂದೂ ಉತ್ತರ ಕರ್ನಾಟಕದಲ್ಲಿ ಸಾಕವ್ವ ಎಂದೂ ಬಳಕೆಯಲ್ಲಿರುವ ಹೆಸರನ್ನು ಎರಡು ಬಗೆಯಲ್ಲಿ ಬಿಡಿಸಬಹುದು: ಸಲಹು, ಪೋಷಿಸು ಎಂಬ ಅರ್ಥದ ‘ಸಾಕು’ ಒಂದು, ಇನ್ನು ಬೇಡ ಎನ್ನುವಾಗ ಬಾಯಿಗೆ ಬರುವ ‘ಸಾಕು’ ಇನ್ನೊಂದು. ಮೊದಲನೆಯದು ಕೇಳಲು ಹಿತವಾಗಿದ್ದರೂ, ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಈ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆಂಬ ಹಳ್ಳಿಯ ನಂಬಿಕೆಯನ್ನು ಬಲ್ಲವರು ಎರಡನೆಯದನ್ನು ಅಲ್ಲಗಳೆಯಲಾರರು. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣಿಗೆ ಅದು ಯಾರಿಗೂ ಬೇಡದ್ದಾಗಿ ಕಾಣಲೆಂದು ಇಡುತ್ತಿದ್ದ ತಿಪ್ಪಮ್ಮ, ತಿಪ್ಪಯ್ಯ ಎಂಬ ಹೆಸರುಗಳಲ್ಲಿ ಮಗುವನ್ನು ಉಳಿಸಿಕೊಳ್ಳುವ ಹಂಬಲವಿದೆ, ಅವು ಗಂಡಿಗೂ ಹೆಣ್ಣಿಗೂ ಸಲ್ಲುತ್ತವೆ. ಸಾಕಮ್ಮನಲ್ಲಿರುವುದು ದೇವರಿಗೆ ಸಲ್ಲಿಸಿದ ದೂರು, ಅದನ್ನು ಜೀವಮಾನವಿಡೀ ಹೊತ್ತು ತಿರುಗಬೇಕಾದವಳು ಆ ಕೂಸು.

ದಿನನಿತ್ಯದ ಬಳಕೆಯಲ್ಲಿ ಯಾವ ಹೆಸರಿನ ಅರ್ಥವೂ ಸವೆಯುತ್ತದೆ. ಮೊಮ್ಮಕ್ಕಳು ‘ಸಾಕಜ್ಜಿ’ ಎಂದು ಕೂಗುವಾಗ ಅದು ಯಾರ ನೆನಪಿಗೂ ಬರುವುದಿಲ್ಲ. ಆದರೆ ಈ ವಾರ ಕಚೇರಿಯೊಂದರಲ್ಲಿ, ನಿಂತುಹೋದ ವೃದ್ಧಾಪ್ಯ ವೇತನವನ್ನು ವಿಚಾರಿಸಲು ಬಂದಿದ್ದ ಮುದುಕಿಯೊಬ್ಬರ ಹೆಸರನ್ನು ಗುಮಾಸ್ತ ಎರಡು ಸಲ ಕೂಗಿ, “ಯಾರಿಗೆ ಸಾಕಾಗಿತ್ತಜ್ಜಿ?” ಎಂದು ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. “ನಮ್ಮಪ್ಪಂಗೆ ಕಣಪ್ಪ, ನಾನು ಐದನೇವ್ಳು” ಎಂದು ಆಕೆ ಉತ್ತರಿಸಿದರು. ಹೆಣ್ಣು ಸಂಸಾರದ ಕಣ್ಣು ಎಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಓದಿ ಬೆಳೆದವರ ಈ ನಗುವನ್ನು ತಿಳಿಗೇಡಿತನವೆಂದು ಕ್ಷಮಿಸಲೂ ಆಗದು, ಏಕೆಂದರೆ ಹೆಸರಿನ ಅರ್ಥ ಚೆನ್ನಾಗಿ ತಿಳಿದಿದ್ದರಿಂದಲೇ ಅವರಿಗೆ ನಗು ಬಂದದ್ದು. ತಂದೆಯ ನಿಷ್ಠುರ ಒಂದು ದಿನದ್ದು; ಇವರು ಆಕೆಗೆ ಮುಪ್ಪಿನಲ್ಲಿ, ಹತ್ತು ಜನರ ಎದುರಿಗೆ, ಮತ್ತೊಮ್ಮೆ ನಾಮಕರಣ ಮಾಡಿ ಕಳಿಸಿದರು.

ಇದೇ ಹೆಸರಿನ ಡಿ. ಸಾಕಮ್ಮ ವಿಧವೆಯಾದ ಮೇಲೆ ಕೊಡಗಿನ ಕಾಫಿ ತೋಟದ ಆಡಳಿತವನ್ನು ಕೈಗೆತ್ತಿಕೊಂಡು, ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಕಾರ್ಖಾನೆ ನಡೆಸಿ, 1928ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, ಅಂದರೆ ಸಂಸ್ಥಾನದ ಜನರ ಅಹವಾಲುಗಳು ಮಂಡನೆಯಾಗುತ್ತಿದ್ದ ಸಭೆಗೆ, ಸದಸ್ಯೆಯಾದರು. ಊರವರು ‘ಕಾಫಿಪುಡಿ ಸಾಕಮ್ಮ’ ಎನ್ನುವಾಗ ಅವರ ಮನಸ್ಸಿನಲ್ಲಿದ್ದದ್ದು ಆಕೆಯ ಕೆಲಸ.

ತಮಿಳುನಾಡಿನಲ್ಲಿ ‘ವೇಂಡಾಂ’, ಮಹಾರಾಷ್ಟ್ರದಲ್ಲಿ ‘ನಕುಶಾ’ ಎಂಬ, ಬೇಡವೆಂದೇ ಅರ್ಥ ಕೊಡುವ ಹೆಸರುಗಳನ್ನು ಹೆಣ್ಣುಮಕ್ಕಳಿಗೆ ಇಟ್ಟದ್ದಿದೆ. ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತವೇ ಸಮಾರಂಭ ನಡೆಸಿ ಹೊಸ ಹೆಸರು ಕೊಡಿಸಿತು. ಶಾಲೆಗೆ ಹೋಗುವ ಮಕ್ಕಳಿಗೆ ಅದು ಆಗಬೇಕಾಗಿದ್ದ ಕೆಲಸವೇ. ಮುದುಕಿಗೆ ಮಾತ್ರ ಆ ದಾರಿ ಒದಗುವುದಿಲ್ಲ, ಏಕೆಂದರೆ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಪಹಣಿಗಳಲ್ಲೆಲ್ಲ ಒಂದೇ ಆಗಿರುವ ಹೆಸರನ್ನು ತಿದ್ದಿಸಹೊರಟರೆ ಅದೇ ಕಚೇರಿಗಳಿಗೆ ಅಲೆಯಬೇಕಾದವರು ಆಕೆಯೇ. ಹೆಸರಿನ ಮುಂದೆ ‘ಅವರೇ’ ಎಂದು ಸೇರಿಸಿ ಒಮ್ಮೆ ಕೂಗಿ, ವೇತನ ನಿಂತದ್ದೇಕೆಂದು ಆ ಗುಮಾಸ್ತ ತಿಳಿಸಿದ್ದರೆ ಆಕೆ ಬಂದ ಕೆಲಸ ಆಗುತ್ತಿತ್ತು.