ರಜೆಗೊಂದು ದ್ವೀಪ

ಕ್ರಿಸ್‌ಮಸ್ ರಜೆ ಸಮೀಪಿಸಿತೆಂದರೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಭೂಗೋಳದ ಚರ್ಚೆ ಆರಂಭವಾಗುತ್ತದೆ. ಪರೀಕ್ಷೆಯ ಸಲುವಾಗಿ ಅಲ್ಲ. ಅಂಡಮಾನಿಗೆ ಹೋದರೆ ಚೆನ್ನೋ ಲಕ್ಷದ್ವೀಪಕ್ಕೆ ಹೋದರೆ ಚೆನ್ನೋ ಎಂಬ ವಿಚಾರವಾಗಿ. ಜೇಬಿನಲ್ಲಿ ಬಸ್ ಪಾಸು ಹೊರತು ಮತ್ತೇನೂ ಇಲ್ಲದವರೇ ಈ ಚರ್ಚೆಯಲ್ಲಿ ಎಲ್ಲರಿಗಿಂತ ಮುಂದು. ತೆಂಗಿನ ಮರ, ಬಿಳಿಯ ಮರಳು, ನೀಲಿಯ ನೀರು ಇವನ್ನೆಲ್ಲ ಮೊಬೈಲಿನಲ್ಲಿ ನೋಡಿ ನಿಟ್ಟುಸಿರು ಬಿಟ್ಟು, ಕೊನೆಗೆ ಎಲ್ಲರೂ ತಂತಮ್ಮ ಊರಿನ ಬಸ್ಸು ಹತ್ತುವುದು ವಾಡಿಕೆ.

2023ರ ಡಿಸೆಂಬರಿನಲ್ಲಿ ಇಂಥದೇ ಒಂದು ಸಭೆಯಲ್ಲಿ ನಾನು, ‘ಈ ರಜೆಗೆ ನಾನು ಉಷ್ಣವಲಯದ ದ್ವೀಪವೊಂದಕ್ಕೆ ಹೋಗುತ್ತೇನೆ’ ಎಂದೆ. ಎಲ್ಲರೂ ನಕ್ಕರು. ಆದರೆ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕರ್ಕಾಟಕ ವೃತ್ತ ಇರುವುದು ಇಪ್ಪತ್ತಮೂರೂವರೆ ಡಿಗ್ರಿಯಲ್ಲಿ. ನಮ್ಮ ರಾಯಚೂರು ಇರುವುದು ಹದಿನಾರರ ಆಸುಪಾಸಿನಲ್ಲಿ. ಉಷ್ಣವಲಯದವರೆಂಬುದಕ್ಕೆ ನಮ್ಮ ಏಪ್ರಿಲ್ ತಿಂಗಳೇ ಸಾಕ್ಷಿ. ಇನ್ನು ದ್ವೀಪವೆಂದರೆ ನಾಲ್ಕೂ ಕಡೆ ನೀರಿರುವ ನೆಲವೆಂದು ಪ್ರಾಥಮಿಕ ಶಾಲೆಯಲ್ಲೇ ಓದಿದ್ದೇವೆ. ಅಂಥ ನೆಲ ಕೃಷ್ಣೆಯ ನಡುವೆ ನಮ್ಮ ಜಿಲ್ಲೆಯಲ್ಲಿ ಹಲವು ಇವೆ. ಅವುಗಳಿಗೆ ನಾವು ದ್ವೀಪ ಎನ್ನುವುದಿಲ್ಲ, ನಡುಗಡ್ಡೆ ಎನ್ನುತ್ತೇವೆ. ಹೆಸರು ಬದಲಾದದ್ದರಿಂದ ನಮಗೆ ಅವುಗಳ ಮೇಲಿನ ಆಸೆಯೂ ಇಲ್ಲ, ಅವುಗಳ ಚಿಂತೆಯೂ ಇಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಆ ವರ್ಷ ಸೋಮವಾರ ಕ್ರಿಸ್‌ಮಸ್, ಮರುದಿನ ಮಂಗಳವಾರ ದತ್ತ ಜಯಂತಿ. ಮಾನ್ವಿಯ ನನ್ನ ಗೆಳೆಯನೊಬ್ಬ ಕ್ರೈಸ್ತ. ಭಾನುವಾರ ರಾತ್ರಿಯ ಪೂಜೆಗೆ ನನ್ನನ್ನೂ ಕರೆದೊಯ್ದ. ನಮ್ಮ ಜಿಲ್ಲೆಗೆ ಕ್ರಿಸ್‌ಮಸ್ ಹೊಸದಲ್ಲ. ಮುದಗಲ್ಲಿಗೆ ಗೋವೆಯಿಂದ ಯೇಸುಸಭೆಯ ಪಾದ್ರಿಗಳು ಬಂದದ್ದು 16ನೆಯ ಶತಮಾನದಲ್ಲಿ, ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ. ಮಾನ್ವಿಯ ಗುಡಿಯಲ್ಲಿ ಹುಲ್ಲು ಹಾಸಿ ಗೋದಲಿ ಕಟ್ಟಿದ್ದರು. ಛತ್ರದಲ್ಲಿ ಸ್ಥಳ ಸಿಗದೆ ಬಸುರಿ ಹೆಂಗಸೊಬ್ಬಳು ದನದ ಕೊಟ್ಟಿಗೆಯಲ್ಲಿ ಹೆತ್ತ ಕಥೆಯನ್ನು ಪಾದ್ರಿಗಳು ಕನ್ನಡದಲ್ಲಿ ಹೇಳಿದರು. ಆ ಕಥೆ ನನ್ನ ತಲೆಯಲ್ಲಿ ಹಾಗೆಯೇ ಉಳಿಯಿತು. ಮರುದಿನ ಗೆಳೆಯನ ಮನೆಯ ಹಬ್ಬದೂಟ ಮುಗಿಸಿ, ಇಬ್ಬರೂ ರಾಯಚೂರಿಗೆ ಬಂದು, ಅಲ್ಲಿಂದ ಆತ್ಕೂರಿಗೆ ಹೋಗಿ, ಹರಿಗೋಲಿನಲ್ಲಿ ಕುಳಿತೆವು.

ನಾವು ಹೋದದ್ದು ಕುರುವಪುರಕ್ಕೆ; ಜನರ ಬಾಯಲ್ಲಿ ಅದು ಕುರುಗಡ್ಡಿ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವದು. ಈಚೆ ದಡ ಕರ್ನಾಟಕ, ಆಚೆ ದಡ ತೆಲಂಗಾಣ. ದತ್ತ ಜಯಂತಿಗೆಂದು ಮರಾಠಿ, ತೆಲುಗು, ಕನ್ನಡ ಮೂರೂ ಮಾತಾಡುವ ಭಕ್ತರು ಬಂದಿದ್ದರು. ಡಿಸೆಂಬರಿನ ಕೃಷ್ಣೆ ಸಾಧು ಹಸುವಿನ ಹಾಗಿದ್ದಳು. ಬೆಳಗಿನ ಮಂಜು, ಬಂಡೆಗಳ ಮೇಲೆ ಕೊಕ್ಕರೆ, ಹುಟ್ಟಿನ ಸಪ್ಪಳ, ದೂರದಿಂದ ಗಂಟೆಯ ನಾದ. ‘ಅಂಡಮಾನು ಇದಕ್ಕಿಂತ ಹೆಚ್ಚೇನು ಕೊಟ್ಟೀತು?’ ಎಂದು ನಾನು ಗೆಳೆಯನಿಗೆ ಹೇಳಿದೆ.

ನಮ್ಮ ಮಾತನ್ನು ಕೇಳಿಸಿಕೊಂಡ ಅಂಬಿಗ ಹಿರಿಯರೊಬ್ಬರು, ‘ತಮ್ಮಾ, ಈಗ ಬಂದು ಚಂದ ಐತಿ ಅಂತೀರಿ. ಶ್ರಾವಣದಾಗ ಬರ್ರಿ, ಆಗ ಹೇಳ್ರಿ’ ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಏಕೆಂದರೆ ನಾನು ದೇವದುರ್ಗ ತಾಲ್ಲೂಕಿನ ಹೊಳೆದಂಡೆಯವನು. ಶ್ರಾವಣದ ಕೃಷ್ಣೆ ನನಗೆ ಗೊತ್ತಿಲ್ಲದವಳಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೊಯ್ದರೆ ಆಲಮಟ್ಟಿ ತುಂಬುತ್ತದೆ. ಆಲಮಟ್ಟಿಯ ನೀರು ನಾರಾಯಣಪುರಕ್ಕೆ ಬರುತ್ತದೆ. ಅಲ್ಲಿ ಗೇಟು ತೆರೆದರೆ ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯೇ ಮುಳುಗಿತು. ಸೇತುವೆ ಇದ್ದವರ ಪಾಡೇ ಹೀಗಾದರೆ ಹರಿಗೋಲನ್ನು ನಂಬಿದವರ ಗತಿಯೇನು? 2020ರ ಆಗಸ್ಟಿನಲ್ಲಿ ರಾಯಚೂರು ತಾಲ್ಲೂಕಿನ ಈ ನಡುಗಡ್ಡೆಗಳ ನೀರಿನಲ್ಲೇ ಹರಿಗೋಲು ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡರು. ಈ ಊರುಗಳ ಸೇತುವೆಯ ಮಾತು ಅದಕ್ಕೂ ಎಷ್ಟೋ ವರ್ಷ ಹಳೆಯದು. ಆ ದಿನದ ಹೊತ್ತಿಗೂ ಸೇತುವೆ ಮುಗಿದಿರಲಿಲ್ಲ.

ಅಂಬಿಗರ ಮಾತು ಕೇಳಿದ ಮೇಲೆ ನನಗೆ ಮಾನ್ವಿಯ ಗೋದಲಿ ನೆನಪಾಯಿತು. ಅದರೊಂದಿಗೆ ಮೇಲಿನ ಹೊಳೆಯ ಸಂಗತಿಯೊಂದೂ ನೆನಪಾಯಿತು. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯೂ ಕೃಷ್ಣೆಯ ನಡುಗಡ್ಡೆಯೇ. 2014ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು, ಊರಿನಲ್ಲಿ ಹೆರಿಗೆಗೆ ಅನುಕೂಲವಿಲ್ಲವೆಂದು, ಒಣಗಿದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ ಉಕ್ಕುವ ಹೊಳೆಯನ್ನು ಈಜಿ ಕಕ್ಕೇರಾ ಕಡೆಯ ದಡ ಸೇರಿದರು. ಪತ್ರಿಕೆಗಳು ಆಕೆಯ ಧೈರ್ಯವನ್ನು ಹೊಗಳಿದವು. ಧೈರ್ಯವೇನೋ ಹೌದು. ಆದರೆ ಹೆರಿಗೆಗೆ ಧೈರ್ಯಕ್ಕಿಂತ ದೋಣಿ ಮುಖ್ಯ, ದೋಣಿಗಿಂತ ಸೇತುವೆ ಮುಖ್ಯ. ಛತ್ರದಲ್ಲಿ ಸ್ಥಳವಿಲ್ಲವೆಂದು ಹೇಳಿಸಿಕೊಂಡವಳ ಕಥೆಗೆ ಎರಡು ಸಾವಿರ ವರ್ಷದಿಂದ ಕಣ್ಣೀರು ಹಾಕುವ ಜಗತ್ತು, ಹೊಳೆಯ ನಡುವಿನ ಬಸುರಿಗೆ ಒಂದು ದಾರಿ ಮಾಡಿಕೊಡಬಾರದೆ?

ದ್ವೀಪವಾಸಿಗಳ ಕಷ್ಟ ನಮ್ಮ ಹೊಳೆಗೆ ಮಾತ್ರ ಸೀಮಿತವೆಂದಲ್ಲ. ನಾವು ಕನಸು ಕಾಣುವ ಕಡಲಿನ ದ್ವೀಪಗಳ ಕಥೆಯೂ ಬೇರೆಯಲ್ಲ. ಹಿಂದೂ ಮಹಾಸಾಗರದಲ್ಲಿ ಕ್ರಿಸ್‌ಮಸ್ ದ್ವೀಪವೆಂಬುದೊಂದಿದೆ. 1643ರ ಡಿಸೆಂಬರ್ 25ರಂದು ಅದರ ಬಳಿ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕಪ್ತಾನ ವಿಲಿಯಂ ಮೈನರ್ಸ್ ಆ ದಿನದ ಹೆಸರನ್ನೇ ಅದಕ್ಕಿಟ್ಟ. ದೂರದಿಂದ ನೋಡಿ ಹೆಸರಿಟ್ಟು ಮುಂದೆ ಹೋಗುವುದು ಸುಲಭ. ನಮ್ಮದೇ ದೇಶದ ಕಾರ್ ನಿಕೋಬಾರಿನವರಲ್ಲಿ ಬಹುಪಾಲು ಕ್ರೈಸ್ತರು. 2004ರಲ್ಲಿ ಅವರು ಕ್ರಿಸ್‌ಮಸ್ ಆಚರಿಸಿದ ಮರುದಿನ ಬೆಳಿಗ್ಗೆಯೇ ಸುನಾಮಿ ಬಂದು ಕರಾವಳಿಯ ಹಳ್ಳಿಗಳನ್ನು ಕೊಚ್ಚಿಕೊಂಡು ಹೋಯಿತು. ಹೋದವನಿಗೆ ದ್ವೀಪ ಒಂದು ನೋಟ. ಇರುವವನಿಗೆ ಅದು ಸುತ್ತಲಿನ ನೀರಿನ ಲೆಕ್ಕ.

ಹಾಗಾದರೆ ದ್ವೀಪಗಳಿಗೆ ಪ್ರವಾಸ ಹೋಗಲೇಬಾರದೆ? ಹಾಗೆಂದು ನಾನು ಹೇಳುವುದಿಲ್ಲ. ಯಾತ್ರಿಕರು ಬಂದರೆ ಅಂಬಿಗನಿಗೆ ನಾಲ್ಕು ಕಾಸು ಸಿಗುತ್ತದೆ, ಚಹಾದ ಅಂಗಡಿ ನಡೆಯುತ್ತದೆ. ನಮ್ಮ ನಡುಗಡ್ಡೆಗಳಲ್ಲಿ ವಿಹಾರಧಾಮ ಕಟ್ಟಿದರೆ ಜಿಲ್ಲೆ ಉದ್ಧಾರವಾಗುವುದೆಂದು ವಾದಿಸುವ ಮಿತ್ರರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಡಿಸೆಂಬರಿನ ಅತಿಥಿಗೆ ಕೋಣೆ ಕಟ್ಟುವ ಮೊದಲು ಆಗಸ್ಟಿನ ನಿವಾಸಿಗೆ ದಾರಿ ಕಟ್ಟಬೇಕು. ಊರು ಊರಾಗಿ ಉಳಿದರೆ ತಾನೆ ನಾಳೆ ಅತಿಥಿಗೆ ರೊಟ್ಟಿ ಬಡಿದುಕೊಡಲು ಅಲ್ಲಿ ಯಾರಾದರೂ ಇರುವುದು?

ವಿದ್ಯಾರ್ಥಿಗಳಾದ ನಾವು ಸೇತುವೆ ಕಟ್ಟಲಾರೆವು, ನಿಜ. ಆದರೆ ವರ್ಷವರ್ಷವೂ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರವನ್ನು ರಸ್ತೆ ಇರುವ ಊರುಗಳಲ್ಲೇ ಏಕೆ ಮಾಡಬೇಕು? ಒಮ್ಮೆ ನಡುಗಡ್ಡೆಯೊಂದರಲ್ಲಿ ಮಾಡೋಣ. ಎಷ್ಟು ಮನೆ, ಎಷ್ಟು ಮಕ್ಕಳು, ಮಳೆಗಾಲದಲ್ಲಿ ಶಾಲೆ ಎಷ್ಟು ದಿನ ತಪ್ಪುತ್ತದೆ, ಬಸುರಿಯರನ್ನು ಯಾವ ತಿಂಗಳಲ್ಲಿ ದಡದ ನೆಂಟರ ಮನೆಗೆ ಕಳುಹಿಸುತ್ತಾರೆ, ಹಾವು ಕಡಿದರೆ ಏನು ಮಾಡುತ್ತಾರೆ, ಇವನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳೋಣ. ಆ ಬರಹವನ್ನು ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕೊಡೋಣ. ಒಬ್ಬರ ಮನವಿ ಕಡತದಲ್ಲಿ ಮಲಗಬಹುದು. ನೂರು ಸಹಿಯ ಲೆಕ್ಕಪತ್ರ ಅಷ್ಟು ಸುಲಭವಾಗಿ ಮಲಗಲಾರದು.

ಮಂಗಳವಾರ ಸಂಜೆ ನಾವು ಮರಳಿ ಹರಿಗೋಲು ಹತ್ತಿದೆವು. ನನ್ನ ಪಕ್ಕದಲ್ಲಿ ಶಾಲೆಯ ಹುಡುಗಿಯೊಬ್ಬಳು ಪುಸ್ತಕದ ಚೀಲವನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ‘ಚೀಲ ಕೆಳಗಿಡವ್ವಾ’ ಎಂದೆ. ‘ಬ್ಯಾಡ್ರಿ ಅಣ್ಣಾ, ನೀರು ಬರತೈತಿ’ ಎಂದಳು. ದಡ ಸೇರುವವರೆಗೂ ಅವಳು ಅದನ್ನು ಕೆಳಗಿಡಲಿಲ್ಲ.