ಮುಪ್ಪಿನ ಉಳಿತಾಯಕ್ಕೆ ಧಣಿಯ ಮುದ್ರೆ ಬೇಕೇ?

ಮುಪ್ಪಿಗೆಂದು ಕೂಡಿಡುವ ಹಣಕ್ಕೆ ಸರಕಾರವು ತೆರಿಗೆ ವಿನಾಯಿತಿ ನೀಡುವುದು ಔದಾರ್ಯದಿಂದಲ್ಲ. ದುಡಿಯುವ ಶಕ್ತಿ ಕುಂದಿದವರು ನಾಳೆ ಮಕ್ಕಳ ಮುಂದೆಯೋ ಖಜಾನೆಯ ಮುಂದೆಯೋ ಕೈಚಾಚುವಂತಾಗಬಾರದೆಂಬುದೇ ಅದರ ಹಿಂದಿರುವ ತರ್ಕ. ಆದರೆ ಈ ವಿನಾಯಿತಿಯ ಮಿತಿಗಳು ಸಾಗಿಬಂದ ಹಾದಿಯನ್ನು ಕಂಡರೆ ಆ ತರ್ಕವನ್ನು ಸರಕಾರವೇ ಮರೆತಂತಿದೆ.

2005ರಲ್ಲಿ 1 ಲಕ್ಷ ರೂಪಾಯಿಗೆ ನಿಗದಿಯಾದ ಮಿತಿಯು 2014ರಲ್ಲಿ ಒಂದೂವರೆ ಲಕ್ಷಕ್ಕೇರಿತು. ಮರುವರ್ಷ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆಂದು ಪ್ರತ್ಯೇಕ 50 ಸಾವಿರ ಸೇರಿತು. ಅಲ್ಲಿಗೆ ನಿಂತಿತು. ಅಕ್ಕಿ, ಔಷಧಿ, ಮನೆಬಾಡಿಗೆ ಮಾತ್ರ ನಿಲ್ಲಲಿಲ್ಲ. ಭವಿಷ್ಯನಿಧಿ, ಜೀವವಿಮೆ, ಮಕ್ಕಳ ಶಾಲಾ ಶುಲ್ಕ, ಗೃಹಸಾಲದ ಅಸಲು ಎಲ್ಲವೂ ಅದೇ ಒಂದೂವರೆ ಲಕ್ಷದ ಚೀಲದೊಳಗೆ ತುರುಕಬೇಕಾದವು.

2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯು 2023ರಿಂದ ತಾನಾಗಿಯೇ ಅನ್ವಯವಾಗುತ್ತಿದೆ. ಅದರಲ್ಲಿ ಈ ಎರಡು ರಿಯಾಯಿತಿಗಳೂ ಇಲ್ಲ. ಹಳೆಯ ಪದ್ಧತಿಯನ್ನು ಆಯ್ದುಕೊಂಡವರಿಗಷ್ಟೇ ಅವು ಲಭ್ಯ. ಹೊಸತರಲ್ಲಿ ಉಳಿದದ್ದು ಉದ್ಯೋಗದಾತನು ನೌಕರನ ಪಿಂಚಣಿ ಖಾತೆಗೆ ಕಟ್ಟುವ ಹಣದ ವಿನಾಯಿತಿ. 2024ರ ಬಜೆಟ್ ಖಾಸಗಿ ನೌಕರರಿಗೂ ಅದನ್ನು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಿಂದ 14ಕ್ಕೆ ಏರಿಸಿತು. ಸಂತೋಷ. ಆದರೆ ವ್ಯಾಪಾರಿಗೆ, ವಕೀಲನಿಗೆ, ಸಣ್ಣ ಗುತ್ತಿಗೆದಾರನಿಗೆ ಉದ್ಯೋಗದಾತ ಯಾರು?

2025ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲವಲ್ಲ ಎನ್ನಬಹುದು. ನಿಜ. ಆದರೆ ಅಲ್ಲಿ ಉಳಿಸಿದವನಿಗೂ ಉಡಾಯಿಸಿದವನಿಗೂ ವ್ಯತ್ಯಾಸವಿಲ್ಲ. ಇನ್ನು ಅಸಂಘಟಿತ ಕಾರ್ಮಿಕರಿಗೆಂದು 2015ರಲ್ಲಿ ತಂದ ಅಟಲ್ ಪಿಂಚಣಿ ಯೋಜನೆಯ ಗರಿಷ್ಠ ಖಾತರಿ ಮಾಸಿಕ 5 ಸಾವಿರ. ಹದಿನೆಂಟರಲ್ಲಿ ಸೇರಿದವನು ಅದನ್ನು ಕಾಣುವುದು 42 ವರ್ಷಗಳ ಬಳಿಕ!

ಧಣಿಯ ಕೈಯಿಂದ ಬಂದ ಹಣಕ್ಕಿರುವ ರಿಯಾಯಿತಿಯು ಸ್ವಂತ ಬೆವರಿನ ಹಣಕ್ಕೇಕಿಲ್ಲ ಎಂಬುದನ್ನು ಹಣಕಾಸು ಸಚಿವರು ವಿವರಿಸಬೇಕೆಂದು ನಾವು ಕೇಳುತ್ತಿದ್ದೇವೆ.