ನಿಷೇಧ ತಳಿಗೆ, ಪಾಠ ಯಾರಿಗೆ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಯ ನಾಯಿಗಳ ಸಾಕಣೆ, ಮಾರಾಟ ನಿಷೇಧಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನು ರದ್ದು ಮಾಡಿತು. ಸರಿ. ಆದರೆ ಮನೇಲಿ ಕಚ್ಚುವ ನಾಯಿ ಇರೋರು ಏನು ಮಾಡಬೇಕು ಅನ್ನೋದು ಆ ಚರ್ಚೆಯಲ್ಲಿ ಬರಲೇ ಇಲ್ಲ.

ನಮ್ಮ ಮನೆಯದು ಯಾವ ಪಟ್ಟಿಯಲ್ಲೂ ಇರದ ಬೀದಿ ನಾಯಿ. ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ಗದರಿಸಿದೆ, ಎರಡೇಟೂ ಕೊಟ್ಟೆ. ಗುರುಗುಟ್ಟೋದು ನಿಂತಿತು, ಒಂದು ದಿನ ಸದ್ದೇ ಇಲ್ಲದೆ ಕೈಗೆ ಬಾಯಿ ಹಾಕಿತು. ಗುರುಗುಟ್ಟುವುದು ಅದರ ಎಚ್ಚರಿಕೆ. ಅದನ್ನೇ ನಾನು ಹೊಡೆದು ಬಿಡಿಸಿದ್ದೆ.

ಪಶುವೈದ್ಯರು ಮೊದಲು ಎಲ್ಲಾದರೂ ನೋವಿದೆಯಾ ಅಂತ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: ತಿನ್ನುವಾಗ ದೂರದಿಂದ ಒಂದು ಚೂರು ಕೋಳಿ ಎಸೆದು ಹೊರಟುಬಿಡಿ, ಅದು ಮೈ ಬಿಗಿ ಮಾಡದಿದ್ದರೆ ಮಾತ್ರ ನಾಳೆ ಒಂದು ಹೆಜ್ಜೆ ಹತ್ತಿರ. ತಿಂಗಳುಗಟ್ಟಲೆ ಹಿಡೀತು. ಈಗಲೂ ಮನೆಗೆ ಮಕ್ಕಳು ಬಂದರೆ ಅದಕ್ಕೆ ಬಾಗಿಲು ಹಾಕಿದ ರೂಮಿನಲ್ಲೇ ಊಟ.

ಬೆಂಗಳೂರಲ್ಲಿ ನಾಯಿ ಲೈಸೆನ್ಸಿಗೆ ರೇಬಿಸ್ ಲಸಿಕೆಯ ಚೀಟಿ ಕೇಳುತ್ತಾರೆ. ಮಾಲೀಕರನ್ನು ಅಲ್ಲೇ ಒಂದು ಗಂಟೆ ಕೂರಿಸಿ ಇದನ್ನೂ ಹೇಳಿಕೊಡೋಕೆ ಏನು ಅಡ್ಡಿ?